ಓದುಗರ ಸ್ಪಂದನ: ಊಟದ ಮೇಜಿಗೆ ಬಂದ ಲ್ಯಾಟಿನ್

(ಬೆಂಗಳೂರಿನ ತಾಯಿಯೊಬ್ಬರು ಕಳೆದ ಸಂಚಿಕೆಯಲ್ಲಿ ಹೀಗೆ ಬರೆದಿದ್ದರು: ನಮ್ಮದು ಕ್ಯಾಥೊಲಿಕ್ ಕುಟುಂಬ. ಇಪ್ಪತ್ತನಾಲ್ಕರ ಮಗನಿಗೆ ಹಿಂದಿನ ಕಾಲದ ಲ್ಯಾಟಿನ್ ಭಾಷೆಯ ಬಲಿಪೂಜೆಯೊಂದೇ (ಚರ್ಚಿನ ಮುಖ್ಯ ಆರಾಧನೆ) ನಿಜವಾದ ಪೂಜೆ, ಚರ್ಚಿನ ಆರತಿ, ತಬಲಾ ಎಲ್ಲವೂ ‘ಕಲಬೆರಕೆ’. ಹೆಂಗಸರೇಕೆ ಚರ್ಚಿನ ಗುರುಗಳು, ಅಂದರೆ ಪಾದ್ರಿಗಳು, ಆಗಬಾರದು ಎಂಬುದು ಮಗಳ ಪ್ರಶ್ನೆ. ಕನ್ನಡ ಗಾಯನ ವೃಂದದಲ್ಲಿ ನಲವತ್ತು ವರ್ಷ ಹಾಡಿದ ಗಂಡ ಮಗನೊಡನೆ ಮಾತು ಬಿಟ್ಟಿದ್ದಾರೆ. ನಾನು ಯಾರ ಪಕ್ಷ ವಹಿಸಲಿ?)

ತಾಯಿ, ನಾನು ಲ್ಯಾಟಿನ್ ಪೂಜೆಯಲ್ಲಿ ಪೀಠಸೇವೆ ಮಾಡಿದ, ಅಂದರೆ ಪೂಜೆಯ ವೇಳೆ ಗುರುಗಳಿಗೆ ನೆರವಾದ ಹುಡುಗ. ‘ಎತ್ ಕುಂ ಸ್ಪಿರಿತು ತುವೊ’ ಎಂದು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಉರು ಹೊಡೆದಿದ್ದೆ, ಅರ್ಥ ಗೊತ್ತಿರಲಿಲ್ಲ. ಅಜ್ಜಿ ಪೂಜೆಯುದ್ದಕ್ಕೂ ಜಪಸರ ಎಣಿಸುತ್ತ, ಗಂಟೆ ಬಾರಿಸಿದಾಗ ಮಾತ್ರ ತಲೆಯೆತ್ತುತ್ತಿದ್ದಳು. ಕನ್ನಡ ಪೂಜೆ ಬಂದ ಹೊಸದರಲ್ಲಿ ಗುರುಗಳು ನಮ್ಮತ್ತ ತಿರುಗಿ “ಪ್ರಭು ನಿಮ್ಮೊಡನೆ ಇರಲಿ” ಎಂದಾಗ ಅವಳು ನನ್ನ ಕೈ ಜಗ್ಗಿ, “ನಮಗೆ ಹೇಳಿದರೇನೋ?” ಎಂದು ಕೇಳಿದ್ದಳು. ಹಾಗಾಗಿ ನಾನು ನಿಮ್ಮ ಯಜಮಾನರ ಕಡೆಯವನೇ.

ಆದರೂ ಎರಡು ಸಂಗತಿ ಹೇಳಬೇಕು. ಜನರ ಭಾಷೆಗೆ ಬಾಗಿಲು ತೆರೆದ 1963ರ ಡಿಸೆಂಬರಿನ ವ್ಯಾಟಿಕನ್ ಮಹಾಸಭೆಯ (ಜಗತ್ತಿನ ಬಿಷಪರ ಸಭೆ) ದಸ್ತಾವೇಜು ಲ್ಯಾಟಿನ್ ಉಳಿಯಬೇಕೆಂದೂ ಹೇಳಿತ್ತು. ಅದನ್ನು ನಮ್ಮವರು ಬೇಗ ಮರೆತರು. ಇನ್ನು ಆರತಿಯ ಮಾತು. ಪೂಜೆಗೆ ಭಾರತೀಯ ರೂಪ ಕೊಡಲು ಇಲ್ಲಿನ ಬಿಷಪರು ಕೇಳಿದ ಹನ್ನೆರಡು ಅಂಶಗಳಿಗೆ 1969ರಲ್ಲಿ ರೋಮ್ ಒಪ್ಪಿಗೆ ಕೊಟ್ಟಿತು, ಆರತಿ ಅದರಲ್ಲಿದೆ. ಅದಕ್ಕೂ ಹಿಂದೆ, 1606ರಲ್ಲಿ ಮಧುರೈಗೆ ಬಂದ ಇಟಲಿಯ ಪಾದ್ರಿ ದೆ ನೊಬಿಲಿ ಕಾವಿ ಉಟ್ಟರು; 1623ರಲ್ಲಿ ಒಬ್ಬ ಪೋಪ್ ಮತಾಂತರಗೊಂಡವರ ಜನಿವಾರ, ಜುಟ್ಟುಗಳಿಗೆ ಅನುಮತಿ ಕೊಟ್ಟರು; 1744ರಲ್ಲಿ ಇನ್ನೊಬ್ಬರು ಇಂಥ ಹಲವು ಆಚರಣೆಗಳಿಗೆ ತಡೆ ಹಾಕಿದರು. ಯಾವ ಇಸವಿಯ ಸಂಪ್ರದಾಯ ಬೇಕಪ್ಪ ಎಂದು ಮಗನನ್ನೊಮ್ಮೆ ಕೇಳಿ. ಗದರಬೇಡಿ, ನಿಜಕ್ಕೂ ಕೇಳಿ.
— ನಿವೃತ್ತ ಶಿಕ್ಷಕ, ಕನಕಪುರ

ಆಂಟಿ, ನಿಮ್ಮ ಮಗನ ವಯಸ್ಸಿನವಳು ನಾನು. ಅವನು ಹುಡುಕುತ್ತಿರುವುದು ಮೌನವನ್ನು ಇರಬಹುದು. ನಮ್ಮ ಚರ್ಚಿನಲ್ಲಿ ಕೀಬೋರ್ಡಿನ ಅಬ್ಬರ, ಪ್ರೊಜೆಕ್ಟರು, ಕೊನೆಗೆ ಹತ್ತು ನಿಮಿಷ ಪ್ರಕಟಣೆ. ಪರಮಪ್ರಸಾದ ಸ್ವೀಕರಿಸಿ ಕಣ್ಣು ಮುಚ್ಚುವಷ್ಟರಲ್ಲಿ ಮುಂದಿನ ಹಾಡು. 2007ರಲ್ಲಿ ಪೋಪ್ ಬೆನೆಡಿಕ್ಟ್ ಹಳೆಯ ಪೂಜೆಗೆ ದಾರಿ ಸುಗಮ ಮಾಡಿದ್ದರು. 2021ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಬಿಗಿಗೊಳಿಸಿದಾಗ ನಾನು ಅತ್ತಿದ್ದೇನೆ. ಮಂಡಿಯೂರಿ ನಾಲಿಗೆಯ ಮೇಲೆ ಪ್ರಸಾದ ಸ್ವೀಕರಿಸಿದರೆ ಯಾರಿಗೂ ನಷ್ಟವಿಲ್ಲ. ಆದರೆ ಅಪ್ಪನ ನಲವತ್ತು ವರ್ಷದ ಹಾಡನ್ನು ಕಲಬೆರಕೆ ಎನ್ನುವುದು ಭಕ್ತಿಯಲ್ಲ, ಮೊಬೈಲ್ ವೀಡಿಯೊಗಳಿಂದ ಕಲಿತ ಠೇಂಕಾರ. ಅದಕ್ಕೆ ಅವನು ಕ್ಷಮೆ ಕೇಳಲಿ.
— ಓದುಗಳು, ಮಂಗಳೂರು

ನಿಮ್ಮ ಪತ್ರದಲ್ಲಿ ಮಗನಿಗೆ ಹದಿನೈದು ಸಾಲು, ಮಗಳಿಗೆ ಒಂದೇ ಸಾಲು! ಧರ್ಮಸಭೆಯಲ್ಲೂ (ಚರ್ಚ್ ಎಂಬ ಸಂಸ್ಥೆಯಲ್ಲೂ) ನಮ್ಮ ಪಾಲು ಹೆಚ್ಚು ಕಡಿಮೆ ಅಷ್ಟೇ. ಪೀಠದ ಹೂವು, ಮಕ್ಕಳ ಧರ್ಮೋಪದೇಶ, ರೋಗಿಗಳ ಭೇಟಿ ನಮ್ಮವು. ತೀರ್ಮಾನದ ಹೊತ್ತಿಗೆ ನಾವು ಚಹಾ ತರಬೇಕು. ಸ್ತ್ರೀಯರಿಗೆ ಗುರುದೀಕ್ಷೆ ಕೊಡುವ ಅಧಿಕಾರ ಧರ್ಮಸಭೆಗೇ ಇಲ್ಲವೆಂದು 1994ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಹೇಳಿದರು. ಅವಳಿಗೆ ಅದನ್ನು ಮುಚ್ಚಿಡಬೇಡಿ. 2023ರಲ್ಲಿ ಬಿಷಪರ ಸಭೆಯಾದ ಸಿನೊಡ್‌ನಲ್ಲಿ 54 ಮಹಿಳೆಯರು ಮತ ಹಾಕಿದ್ದನ್ನೂ, 2025ರ ಜನವರಿಯಲ್ಲಿ ಸಿಸ್ಟರ್ ಸಿಮೊನಾ ಬ್ರಂಬಿಲ್ಲಾ ವ್ಯಾಟಿಕನ್ ಇಲಾಖೆಯೊಂದಕ್ಕೆ ಮುಖ್ಯಸ್ಥೆಯಾದದ್ದನ್ನೂ ಹೇಳಿ. ಅವಳ ಪ್ರಶ್ನೆಗೆ ನನ್ನಲ್ಲೂ ಉತ್ತರವಿಲ್ಲ. ಮೂವತ್ತು ವರ್ಷದಿಂದ ಅದನ್ನೇ ಕೇಳುತ್ತ ಇಲ್ಲೇ ಇದ್ದೇನೆ.
— ಧರ್ಮಭಗಿನಿ, ಮೈಸೂರು

ನನ್ನ ತವರು ಎರ್ನಾಕುಲಂ. ಪೂಜೆಯ ವೇಳೆ ಗುರುಗಳು ಯಾವ ಕಡೆ ಮುಖ ಮಾಡಬೇಕು ಎಂಬ ಜಗಳಕ್ಕೆ ನಮ್ಮ ಬಸಿಲಿಕಾಕ್ಕೆ 2022ರ ಕ್ರಿಸ್ಮಸ್ ಸಮಯದಲ್ಲಿ ಪೊಲೀಸರು ಬಂದರು, ಬಾಗಿಲು ಮುಚ್ಚಿತು. ಎರಡೂ ಕಡೆ ನನ್ನ ಅಣ್ಣತಮ್ಮಂದಿರೇ ಇದ್ದರು. ಅಕ್ಕ, ಲ್ಯಾಟಿನ್ನಿಗಿಂತ ನಿಮ್ಮ ಯಜಮಾನರು ಮಾತು ಬಿಟ್ಟಿರುವುದೇ ನನಗೆ ಹೆದರಿಕೆ ಹುಟ್ಟಿಸುತ್ತದೆ. ಈ ಭಾನುವಾರ ಬಡಿಸುವಾಗ ಸಾರಿನ ಪಾತ್ರೆಯನ್ನು ಅವರ ಮುಂದೆಯೇ ಇಡಿ. ಮಗ ಕೇಳಿ ಹಾಕಿಸಿಕೊಳ್ಳಲಿ.
— ಗೃಹಿಣಿ, ಬೆಂಗಳೂರು