ಹ್ಯಾಮಕ್‌ನಲ್ಲಿ ಬೆನ್ನಿಗೆ ಚಳಿ, ಭುಜಕ್ಕೆ ನೋವು: ಏನು ಬದಲಾಯಿಸಲಿ?

ಪ್ರಶ್ನೆ:
ಮೊದಲ ಸಲ ಕಾಡಿನಲ್ಲಿ ಹ್ಯಾಮಕ್ (ಎರಡು ಮರಗಳ ನಡುವೆ ಕಟ್ಟುವ ಬಟ್ಟೆಯ ಜೋಲಿ) ಕಟ್ಟಿ ಮಲಗಿದ್ದೆ. ಬಟ್ಟೆ 3.3 ಮೀಟರ್ ಉದ್ದ. ಸಡಿಲ ಬಿಟ್ಟರೆ ಬೆನ್ನು ಬಾಗುತ್ತದೆ ಅಂತ ಆದಷ್ಟು ಬಿಗಿಯಾಗಿ ಎಳೆದು ಕಟ್ಟಿದೆ. ಬಟ್ಟೆಯ ಎರಡೂ ಅಂಚು ಭುಜವನ್ನು ಹಿಂಡಿಹಾಕಿತು. ಸ್ಲೀಪಿಂಗ್ ಬ್ಯಾಗ್ ಚೆನ್ನಾಗಿಯೇ ಇದೆ, ಆದರೂ ನಡುರಾತ್ರಿ ಬೆನ್ನು ತಣ್ಣಗಾಗಿ ಎಚ್ಚರವಾಯಿತು.

ಉತ್ತರ 1:
ಬಿಗಿ ಕಟ್ಟಿದ್ದರಿಂದಲೇ ಭುಜ ನೋವು. ಹಗ್ಗ ಸುಮಾರು 30 ಡಿಗ್ರಿ ಇಳಿಜಾರಾಗಿ ಬರಲಿ, ಹ್ಯಾಮಕ್ ಬಾಳೆಹಣ್ಣಿನ ಹಾಗೆ ಜೋಲಬೇಕು. ಮೇಲೆ ತುದಿಯಿಂದ ತುದಿಗೆ ಒಂದು ರಿಡ್ಜ್‌ಲೈನ್ ದಾರ ಹಾಕಿ, ಬಟ್ಟೆಯ ಉದ್ದದ 83% ಅಂದರೆ ನಿಮಗೆ 2.75 ಮೀಟರ್ ಹತ್ತಿರ. ಆಗ ಪ್ರತಿ ಸಲ ಒಂದೇ ಜೋಲು ಸಿಗುತ್ತದೆ. ಮುಖ್ಯವಾದದ್ದು, ನೇರ ಮಲಗಬೇಡಿ, ತಲೆ ಒಂದು ಪಕ್ಕ, ಕಾಲು ಇನ್ನೊಂದು ಪಕ್ಕ ಸರಿಸಿ ಓರೆಯಾಗಿ ಮಲಗಿ, ಬೆನ್ನು ಹೆಚ್ಚುಕಡಿಮೆ ಸಮತಟ್ಟಾಗುತ್ತದೆ. ಕಾಲಿನ ಕಡೆ ಸ್ವಲ್ಪ ಎತ್ತರ ಕಟ್ಟಿದರೆ ರಾತ್ರಿ ಜಾರುವುದಿಲ್ಲ.

ಉತ್ತರ 2:
ಚಳಿಗೆ ಕಾರಣ ಬೇರೆ. ಮೈಭಾರಕ್ಕೆ ಬ್ಯಾಗಿನ ಕೆಳಭಾಗ ಚಪ್ಪಟೆಯಾಗಿ ಅದರೊಳಗಿನ ಗಾಳಿ ಹೋಗಿಬಿಡುತ್ತದೆ, ಬೆಚ್ಚಗಿಡುವುದು ಆ ಗಾಳಿಯೇ ಅಲ್ವಾ. ಅಂಡರ್‌ಕ್ವಿಲ್ಟ್ ಅಂತ ಹ್ಯಾಮಕ್‌ಗೆಂದೇ ಇರುವ ರಜಾಯಿ ಸಿಗುತ್ತದೆ, ಅದು ಹೊರಗಡೆ, ಹ್ಯಾಮಕ್ ಕೆಳಗೆ ನೇತಾಡುವುದರಿಂದ ಅಮುಕುವುದಿಲ್ಲ. ಬೆನ್ನಿಗೂ ಅದಕ್ಕೂ ನಡುವೆ ಸಂದು ಬಿಡಬೇಡಿ. ಸದ್ಯಕ್ಕೆ ಫೋಮ್ ಮ್ಯಾಟ್ ಹಾಸಿದರೂ ಸಾಕು, ಸುಮ್ನೆ ಇನ್ನೂ ದಪ್ಪ ಬ್ಯಾಗ್ ಕೊಳ್ಳಬೇಡಿ.

ಉತ್ತರ 3:
ಮರಕ್ಕೆ ಬರೀ ಹಗ್ಗ ಸುತ್ತಬೇಡಿ, ತೊಗಟೆ ಕೊಯ್ಯುತ್ತದೆ. ಅಗಲ 2.5 ಸೆಂಟಿಮೀಟರಿಗಿಂತ ಕಡಿಮೆ ಇಲ್ಲದ ಪಟ್ಟಿ ಬಳಸಿ. ಕಟ್ಟುವ ಮುಂಚೆ ತಲೆಯೆತ್ತಿ ಒಣಕೊಂಬೆ ಇದೆಯಾ ನೋಡಿ.

ಪ್ರಶ್ನೆ ಕೇಳಿದವರು:
ಈಗಷ್ಟೇ ಸಡಿಲಿಸಿ ಓರೆಯಾಗಿ ಮಲಗಿ ನೋಡಿದೆ, ಭುಜಕ್ಕೆ ಬಟ್ಟೆ ತಾಗಲೇ ಇಲ್ಲ! ಮುಂದಿನ ಸಲ ಮ್ಯಾಟ್ ಒಯ್ಯುತ್ತೇನೆ.