ಫೀನಿಕ್ಸ್ ಗುಡ್ಡದ ಈ ಹಳದಿ ಹೂವು ಯಾವುದು?

ಪ್ರಶ್ನೆ: ಅಮೆರಿಕದ ಅರಿಜೋನಾದ ಫೀನಿಕ್ಸ್ ನಗರದ ಸೌತ್ ಮೌಂಟನ್ ಗುಡ್ಡದಲ್ಲಿ ಮಾರ್ಚ್ ಬಂತೆಂದರೆ ಮೊಣಕಾಲೆತ್ತರದ ಪೊದೆಗಳ ತುಂಬ ಹಳದಿ ಹೂವು. ಎಲೆ ಬೂದು ಬಣ್ಣ. ರೆಂಬೆಯಿಂದ ಅಂಟು ಒಸರುತ್ತದೆ. ಡೆಸರ್ಟ್ ಮಾರಿಗೋಲ್ಡ್ ಎಂದರೆ ಇದೇನಾ?

ಉತ್ತರ: ಅಲ್ಲ, ಇದು ಬ್ರಿಟಲ್‌ಬುಷ್; ಸೂರ್ಯಕಾಂತಿಯ ಬಳಗದ್ದೇ. ಎಲೆಯ ಮೇಲಿನ ಬಿಳಿ ರೋಮ ಬಿಸಿಲನ್ನು ಹಿಂದಿರುಗಿಸುತ್ತದೆ. ತೇವವಿದ್ದಾಗ ಚಿಗುರಿದ ಎಲೆ ಹಸಿರು, ಅಗಲ. ಬರ ಬಿಗಿಯಾದಂತೆ ಬರುವ ಎಲೆ ಚಿಕ್ಕದು, ಬೆಳ್ಳಗಿನದು. ಆ ಅಂಟನ್ನು ಹಿಂದೆ ಸ್ಪ್ಯಾನಿಷ್ ಮಿಷನ್ ಚರ್ಚುಗಳಲ್ಲಿ ಧೂಪವಾಗಿ ಉರಿಸುತ್ತಿದ್ದರು. ಮರುಭೂಮಿಯ ಗಿಡಗಳಲ್ಲಿ ನನಗೆ ಇದರ ಮೇಲೆಯೇ ಹೆಚ್ಚು ಪ್ರೀತಿ.

ಇನ್ನೊಂದು ಉತ್ತರ: ಡೆಸರ್ಟ್ ಮಾರಿಗೋಲ್ಡ್‌ನಲ್ಲಿ ಉದ್ದನೆಯ ದಂಟಿಗೆ ಒಂದೇ ಹೂವು. ಒಣಗಿದರೂ ದಳ ಉದುರದೆ ಕಾಗದದಂತೆ ಉಳಿಯುತ್ತದೆ. ಕುರಿಗಳಿಗೆ ಅದು ವಿಷ.

ಪ್ರಶ್ನೆ ಕೇಳಿದವರು: ನಾನು ನೋಡಿದ್ದರಲ್ಲಿ ದಂಟು ಕವಲೊಡೆದು ಹಲವು ಹೂಗಳಿವೆ. ಬ್ರಿಟಲ್‌ಬುಷ್ ಎಂಬುದು ಖಚಿತವಾಯಿತು. ಇಬ್ಬರಿಗೂ ಧನ್ಯವಾದಗಳು.