ಝಡ್4: ಬಟ್ಟೆಯ ಚಾವಣಿಯೋ, ಮಡಚುವ ಲೋಹದ ಚಾವಣಿಯೋ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಮ್ಯೂನಿಕ್‌ನಲ್ಲಿರುವ ನಾನು ಬಳಸಿದ ಬಿಎಂಡಬ್ಲ್ಯು ಝಡ್4 (ಚಾವಣಿ ತೆರೆಯಬಹುದಾದ ಎರಡು ಸೀಟಿನ ಕಾರು) ಕೊಳ್ಳಬೇಕೆಂದಿದ್ದೇನೆ. 2009ರಿಂದ 2016ರವರೆಗೆ ತಯಾರಾದ ಮಾದರಿಗೆ ಮಡಚುವ ಲೋಹದ ಚಾವಣಿಯಿದೆ. 2018ರಲ್ಲಿ ಅನಾವರಣಗೊಂಡದ್ದಕ್ಕೆ ಬಟ್ಟೆಯದು. ಕಾರನ್ನು ರಾತ್ರಿ ಬೀದಿಯಲ್ಲೇ ನಿಲ್ಲಿಸಿ, ಚಳಿಗಾಲದಲ್ಲೂ ಓಡಿಸುವವರಿಗೆ ಯಾವುದು ಸೂಕ್ತ?

ಉತ್ತರ: ಸರ್, ಬೀದಿಯಲ್ಲಿ ನಿಲ್ಲಿಸುವುದಾದರೆ ನಾನು ಲೋಹದ ಚಾವಣಿಯನ್ನೇ ಆರಿಸುತ್ತೇನೆ. ಅದನ್ನು ಚಾಕುವಿನಿಂದ ಸೀಳಲಾಗದು. ಆದರೆ ಕೊಳ್ಳುವ ಮುನ್ನ ಚಾವಣಿಯನ್ನು ನಾಲ್ಕಾರು ಬಾರಿ ತೆರೆದು ಮುಚ್ಚಿ, ಹೈಡ್ರಾಲಿಕ್ ಪಂಪಿನ ಸದ್ದನ್ನೂ ರಬ್ಬರ್ ಅಂಚುಗಳ ಸ್ಥಿತಿಯನ್ನೂ ದಯವಿಟ್ಟು ಪರೀಕ್ಷಿಸಿ. ಹಳೆಯ ಕಾರಿನಲ್ಲಿ ಇವುಗಳ ದುರಸ್ತಿ ದುಬಾರಿ.

ಮತ್ತೊಂದು ಉತ್ತರ: ನನ್ನ ಒಲವು ಬಟ್ಟೆಯ ಕಡೆಗೆ. ಲೋಹದ ಚಾವಣಿ ಮಡಚಿಕೊಂಡಾಗ 310 ಲೀಟರಿನ ಡಿಕ್ಕಿ 180 ಲೀಟರಿಗೆ ಇಳಿಯುತ್ತದೆ. ಹೊಸ ಮಾದರಿಯಲ್ಲಿ ಚಾವಣಿ ತೆರೆದರೂ ಮುಚ್ಚಿದರೂ 281 ಲೀಟರ್ ಹಾಗೆಯೇ ಉಳಿಯುವುದರಿಂದ, ಆಲ್ಪ್ಸ್ ಕಡೆಗೆ ಇಬ್ಬರು ಸಾಮಾನಿನೊಂದಿಗೆ ಹೊರಟಾಗ ಚಾವಣಿ ತೆರೆಯಲು ಯೋಚಿಸಬೇಕಾಗಿಲ್ಲ. ಅದು ಸುಮಾರು 10 ಸೆಕೆಂಡಿನಲ್ಲಿ, ಗಂಟೆಗೆ 50 ಕಿ.ಮೀ. ವೇಗದವರೆಗೆ ಚಲಿಸುತ್ತಿರುವಾಗಲೂ ತೆರೆದುಕೊಳ್ಳುತ್ತದೆ. ಮೇಲಿನ ಭಾರ ಕಡಿಮೆಯಾದಷ್ಟೂ ತಿರುವಿನಲ್ಲಿ ಕಾರು ಸ್ಥಿರ. ಮರ್ಸಿಡಿಸ್ ಎಸ್‌ಎಲ್ ಕೂಡ 2021ರಲ್ಲಿ ಬಟ್ಟೆಗೆ ಮರಳಿ, ಚಾವಣಿಯಲ್ಲೇ 21 ಕೆ.ಜಿ. ಉಳಿಸಿತು.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ಮೊದಲು ಮುಚ್ಚಿದ ಗ್ಯಾರೇಜು ಬಾಡಿಗೆಗೆ ದೊರೆಯುವುದೇ ಎಂದು ವಿಚಾರಿಸುತ್ತೇನೆ. ದೊರೆತರೆ ಬಟ್ಟೆಯ ಚಾವಣಿಯನ್ನೇ ಕೊಳ್ಳುತ್ತೇನೆ.